ಕಲ್ಲು ನುಣುಪಾಗಿತ್ತು, ನಾನು ತೊಗಲು ಅಂದುಕೊಂಡೆ

ಬೆಂಗಳೂರಿನ ಒಂದು ಸಣ್ಣ ಸ್ಟುಡಿಯೋದಲ್ಲಿ ನಾನು ತ್ರೀಡಿ ಆರ್ಟಿಸ್ಟ್. ಹೊರದೇಶದ ಮಕ್ಕಳ ಇತಿಹಾಸ ಪಾಠಗಳಿಗೆ ಹಳೇ ಕಾಲದ ಜನರ ಮಾಡೆಲ್ ಮಾಡಿಕೊಡುವುದು ನಮ್ಮ ತಂಡದ ಕೆಲಸ. ಕೆಲವು ವರ್ಷಗಳ ಹಿಂದೆ ನನ್ನ ಪಾಲಿಗೆ ಒಬ್ಬ ರೋಮನ್ ಸೆಂಚುರಿಯನ್, ಅಂದರೆ ಸೈನಿಕರ ಒಂದು ತುಕಡಿಯ ನಾಯಕ, ಬಂದ. ಹೆಸರು ಮಾರ್ಕಸ್ ಫವೋನಿಯಸ್ ಫಾಕಿಲಿಸ್.

ಇವನು ರೋಮನ್ ಸೈನ್ಯದ ದೊಡ್ಡ ಪಡೆಗಳಲ್ಲಿ ಒಂದಾದ ಇಪ್ಪತ್ತನೇ ಲೀಜನ್‌ನವನು. ಕ್ರಿ.ಶ. 43ರಲ್ಲಿ ರೋಮನ್ ಸೈನ್ಯ ಬ್ರಿಟನ್ನಿಗೆ ಬಂತಲ್ಲ, ಆ ಕಾಲದ ಆಸುಪಾಸಿನ ಮನುಷ್ಯ. ಇವನಿಂದ ಬಿಡುಗಡೆ ಪಡೆದ ಇಬ್ಬರು ಗುಲಾಮರು, ವೆರೆಕುಂಡಸ್ ಮತ್ತು ನೋವಿಕಿಯಸ್, ಸಮಾಧಿಕಲ್ಲು ನಿಲ್ಲಿಸಿದರು. ಅದು 1868ರಲ್ಲಿ ಇಂಗ್ಲೆಂಡಿನ ಕೋಲ್ಚೆಸ್ಟರ್‌ನಲ್ಲಿ ಸಿಕ್ಕಿತು. ನಮ್ಮ ವೀರಗಲ್ಲಿನಲ್ಲಿ ಕಾಣುವಂಥ ಕಾಳಗ ಈ ಕಲ್ಲಿನಲ್ಲಿಲ್ಲ. ಮನುಷ್ಯ ಸುಮ್ನೆ ನಮ್ಮ ಕಡೆ ನೋಡುತ್ತಾ ನಿಂತಿದ್ದಾನೆ. ಬಲಗೈಯಲ್ಲಿ ದ್ರಾಕ್ಷಿ ಬಳ್ಳಿಯ ಕೋಲು. ಅದು ಸೆಂಚುರಿಯನ್ ಹುದ್ದೆಯ ಗುರುತು. ಎಡಭುಜದಿಂದ ಇಳಿಬಿದ್ದ ಹೊದಿಕೆ, ಕಾಲಿಗೆ ಕವಚ, ಸೊಂಟದ ಕೆಳಗೆ ಜೋತುಬಿದ್ದ ಪಟ್ಟಿಗಳು. ಎದೆಯ ಮೇಲೆ ಮಾತ್ರ ಏನೂ ಇಲ್ಲ. ನುಣ್ಣನೆಯ ಕಲ್ಲು.

ಆ ನುಣುಪು ನೋಡಿ ಎದೆಕವಚಕ್ಕೆ ತೊಗಲಿನ ಟೆಕ್ಸ್ಚರ್ ಹಾಕಿದೆ. ಕಂದು ಬಣ್ಣ, ಹೊಲಿಗೆ, ಅಂಚಿನಲ್ಲಿ ಸವೆದ ಗುರುತು. ಮೂರು ದಿನ ಕೂತು ಮಾಡಿದ್ದು. ನೋಡೋಕೆ ಚೆನ್ನಾಗಿಯೂ ಇತ್ತು.

ಕ್ಲೈಂಟ್ ಕಡೆಯ ಪುರಾತತ್ವದ ಮೇಡಂ ಕಾಲ್‌ನಲ್ಲಿ ಕೇಳಿದ್ದು ಒಂದೇ ಪ್ರಶ್ನೆ. ಈ ಹೊಲಿಗೆ ಕಲ್ಲಿನಲ್ಲಿ ಎಲ್ಲಿದೆ, ತೋರಿಸಿ ಅಂದರು. ನನಗೆ ತೋರಿಸೋಕೆ ಏನೂ ಇರಲಿಲ್ಲ.

ಆಮೇಲೆ ಅವರು ತಾಳ್ಮೆಯಿಂದ ವಿವರಿಸಿದರು. ನಾವು ಇವತ್ತು ನೋಡುವ ರೋಮನ್ ಕಲ್ಲು ಬಣ್ಣ ಕಳೆದುಕೊಂಡ ಕಲ್ಲು. ಫಾಕಿಲಿಸ್‌ನ ಕಲ್ಲಿನ ಮೇಲೆ ತೆಳುವಾದ ಬಿಳಿ ಲೇಪ, ಅದರ ಮೇಲೆ ಬಣ್ಣ ಇತ್ತು. ಕಬ್ಬಿಣದ ಉಂಗುರಗಳನ್ನು ಹೆಣೆದ ಕವಚದಲ್ಲಿ ಸಾವಿರಾರು ಉಂಗುರ ಇರುತ್ತವೆ. ಶಿಲ್ಪಿ ಅಷ್ಟನ್ನೂ ಉಳಿಯಲ್ಲಿ ಕಡೆಯಬೇಕಿಲ್ಲ, ಕುಂಚದಲ್ಲಿ ಬರೆದುಬಿಡಬಹುದು. ಬಣ್ಣ ಹೋದರೆ ಉಂಗುರಗಳೂ ಹೋದವು. ರೋಮನ್ ಸೈನಿಕರು ತೊಗಲಿನ ಎದೆಕವಚ ತೊಡುತ್ತಿದ್ದರು ಅನ್ನುವ ಹಳೇ ಕಲ್ಪನೆಗೆ ಇಂಥ ಬೋಳು ಕಲ್ಲುಗಳೂ ಒಂದು ಕಾರಣ. ಅಗೆತದಲ್ಲಿ ಮತ್ತೆ ಮತ್ತೆ ಸಿಗುವುದು ಕಬ್ಬಿಣದ ಉಂಗುರಗಳು, ಲೋಹದ ತಗಡುಗಳು.

ಇನ್ನೊಂದು ತಪ್ಪು ನನಗೆ ಜಾಸ್ತಿ ನೋವು ಕೊಟ್ಟಿತು. ಆ ಕಾಲದ ಸೈನಿಕರು ಕತ್ತಿಯನ್ನು ಬಲಗಡೆ ಕಟ್ಟುತ್ತಿದ್ದರು ಎಂದು ಓದಿದ್ದೆ. ಕಲ್ಲಿನಲ್ಲಿ ಕತ್ತಿ ಅವನ ಎಡಗಡೆ, ಬಾಕು ಬಲಗಡೆ ಇತ್ತು. ಶಿಲ್ಪಿಯ ಕೈತಪ್ಪು ಎಂದುಕೊಂಡು ನಾನೇ ಅದಲು ಬದಲು ಮಾಡಿದ್ದೆ. ಆದರೆ ಸೆಂಚುರಿಯನ್‌ಗಳು ಕತ್ತಿಯನ್ನು ಎಡಗಡೆಯೇ ಕಟ್ಟುತ್ತಿದ್ದರು. ಸಾಮಾನ್ಯ ಸೈನಿಕನಿಗೂ ಅವನಿಗೂ ಇದ್ದ ವ್ಯತ್ಯಾಸವನ್ನು ಶಿಲ್ಪಿ ಸರಿಯಾಗಿ ಕಡೆದಿದ್ದ. ನಾನು ಅಳಿಸಿಬಿಟ್ಟಿದ್ದೆ.

ಈ ಕಲ್ಲು ಇರುವ ಕೋಲ್ಚೆಸ್ಟರ್ ಮ್ಯೂಸಿಯಂನಲ್ಲೇ ಲಾಂಗಿನಸ್ ಎಂಬ ಕುದುರೆ ಸವಾರನ ಕಲ್ಲೂ ಇದೆ. 1928ರಲ್ಲಿ ಸಿಕ್ಕಿದಾಗ ಅವನಿಗೆ ಮುಖ ಇರಲಿಲ್ಲ. ರೋಮನ್ನರ ವಿರುದ್ಧ ಎದ್ದ ಬ್ರಿಟನ್ನಿನ ರಾಣಿ ಬೂಡಿಕಾಳ ದಂಗೆಕೋರರು ಸಿಟ್ಟಿನಿಂದ ಒಡೆದರು ಎಂದು ದಶಕಗಟ್ಟಲೆ ನಂಬಿದ್ದರು. 1996ರಲ್ಲಿ ಅದೇ ಜಾಗದಲ್ಲಿ ಮುಖವೂ ಸಿಕ್ಕಿತು. 1928ರಲ್ಲಿ ಕಲ್ಲು ತೆಗೆಯುವಾಗಲೇ ಅದು ಮುರಿದಿರಬೇಕು ಎನ್ನುವುದು ಈಗಿನ ಅಭಿಪ್ರಾಯ. ನನ್ನ ಹೊಲಿಗೆಯೂ ಆ ದಂಗೆಯ ಕಥೆಯ ಥರದ್ದೇ ಅಲ್ವಾ?

ಈಗ ಮಾಡೆಲ್ ಶುರುಮಾಡುವ ಮೊದಲು ಒಂದು ಶೀಟ್ ತೆರೆಯುತ್ತೇನೆ. ಕಲ್ಲಿನಲ್ಲಿ ಕಡೆದದ್ದು ಒಂದು ಕಾಲಂ. ಅಗೆತದಲ್ಲಿ ಸಿಕ್ಕ ವಸ್ತುವಿನಿಂದ ತಂದದ್ದು ಇನ್ನೊಂದು. ನನ್ನ ಊಹೆ ಮೂರನೆಯದು. ಫಾಕಿಲಿಸ್‌ಗೆ ಕೊನೆಗೆ ಉಂಗುರದ ಕವಚ ಹಾಕಿದೆವು, ಅದನ್ನು ಮೂರನೇ ಕಾಲಂನಲ್ಲೇ ಬರೆದೆವು. ಅಂಗಿಯ ಬಣ್ಣವೂ ಅಲ್ಲೇ.

ಇನ್ನೂ ಒಂದು ಕಾಲಂ ಆಮೇಲೆ ಸೇರಿತು. ಇದನ್ನು ಯಾಕೆ ತೋರಿಸಿದ್ದಾರೆ? ಜರ್ಮನಿಯ ಬಾನ್ ನಗರದ ಮ್ಯೂಸಿಯಂನಲ್ಲಿರುವ, ಇನ್ನೊಬ್ಬ ಸೆಂಚುರಿಯನ್ ಮಾರ್ಕಸ್ ಕೇಲಿಯಸ್‌ನ ಕಲ್ಲು ನೋಡಿದಾಗ ಹುಟ್ಟಿದ ಪ್ರಶ್ನೆ ಅದು. ಅವನು ಕ್ರಿ.ಶ. 9ರಲ್ಲಿ ರೋಮನ್ ಸೇನಾಪತಿ ವಾರಸ್‌ನ ಸೈನ್ಯ ಜರ್ಮನಿಯ ಕಾಡಿನಲ್ಲಿ ನಾಶವಾದಾಗ ಸತ್ತ. ಕಲ್ಲು ನಿಲ್ಲಿಸಿದ್ದು ತಮ್ಮನೋ ಅಣ್ಣನೋ, ಒಟ್ಟಿನಲ್ಲಿ ಒಡಹುಟ್ಟಿದವನು. ಅವನ ಮೂಳೆಗಳು ಸಿಕ್ಕರೆ ಇಲ್ಲಿ ಇಡಬಹುದು ಎಂಬಂಥ ಸಾಲು ಅದರಲ್ಲಿದೆ. ಎದೆ ತುಂಬ ಪದಕಗಳು, ಕೈಗೆ ಕಡಗ, ತಲೆಗೆ ಓಕ್ ಎಲೆಗಳ ಕಿರೀಟ. ಕಾಡಿನಲ್ಲಿ ಬಿದ್ದ ದಿನ ಅವನು ಇದನ್ನೆಲ್ಲ ತೊಟ್ಟಿದ್ದನೋ ಇಲ್ಲವೋ, ಕಲ್ಲು ಹೇಳುತ್ತಿರುವುದು ಅದನ್ನಲ್ಲ. ಹೆಣವೂ ಸಿಗದ ಒಡಹುಟ್ಟಿದವನು ಎಂಥವನಾಗಿದ್ದ ಎಂದು ಮನೆಯವರು ಹೇಳುತ್ತಿದ್ದಾರೆ.

ಕಳೆದ ತಿಂಗಳು ಆನಾಯಸ್ ದಾವೆರ್ಜಸ್ ಎಂಬ, ರೋಮನ್ ಸೈನ್ಯದ ದಲ್ಮೇಷಿಯನ್ ಪಡೆಯ ಸೈನಿಕನ ಮಾಡೆಲ್ ಮುಗಿಸಿದೆ. ಅವನ ಕಲ್ಲಿನಲ್ಲಿ ಕವಚವೇ ಇಲ್ಲ. ಅಂಗಿ, ಹೊದಿಕೆ, ಈಟಿ, ಗುರಾಣಿ. ಆದರೆ ಒಂದರ ಮೇಲೊಂದು ಓರೆಯಾಗಿ ಬಿಗಿದ ಎರಡು ಸೊಂಟಪಟ್ಟಿಗಳನ್ನು ಶಿಲ್ಪಿ ಬಿಲ್ಲೆ ಬಿಲ್ಲೆಯಾಗಿ ಕಡೆದಿದ್ದಾನೆ. ಮುಂದೆ ಇಳಿಬಿದ್ದ ಪಟ್ಟಿಗಳ ಮೇಲಿನ ಗುಂಡಿಗಳನ್ನೂ ಬಿಟ್ಟಿಲ್ಲ. ಆ ಸೊಂಟಪಟ್ಟಿಗೇ ನಾಲ್ಕು ದಿನ ಕೊಟ್ಟೆ. ಆ ಭಾಗದಲ್ಲಿ ಮೂರನೇ ಕಾಲಂ ಹೆಚ್ಚುಕಡಿಮೆ ಖಾಲಿ ಉಳಿಯಿತು.