ಚಿಪ್ ಹೋಗಿರಲಿಲ್ಲ
ಅಕ್ಕನ ಮಗ ಇಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದಾನೆ. ಮಣ್ಣಿನ ತೇವ ನೋಡಿ ತೋಟದ ಮೋಟಾರನ್ನು ಆನ್-ಆಫ್ ಮಾಡುವುದು ಅವನ ಪ್ರಾಜೆಕ್ಟ್. ಆರ್ಡುಯಿನೊ ಅನ್ನೋ ರೆಡಿಮೇಡ್ ಬೋರ್ಡ್ ಬೇಡ, ಬರೀ ಎಟಿಮೆಗಾ328ಪಿ ಅನ್ನೋ ಪುಟ್ಟ ಕಂಪ್ಯೂಟರ್ ಚಿಪ್ ಇಟ್ಟೇ ಮಾಡ್ತೀನಿ ಅಂತ ಹೊರಟಿದ್ದ. ನನಗೆ ಅದು ತುಂಬಾ ಹಿಡಿಸಿತು. ಹೋದ ಭಾನುವಾರ ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ವೈರ್ ಚುಚ್ಚಿ ಜೋಡಿಸುವ ತೂತಿನ ಹಲಗೆ) ಸಮೇತ ಮನೆಗೆ ಬಂದ.

"ಮಾಮ, ಒಂದ್ಸಲ ಪ್ರೋಗ್ರಾಂ ಹೋಗುತ್ತೆ, ಇನ್ನೊಂದ್ಸಲ ಹೋಗಲ್ಲ. ಚಿಪ್ ಹೋಗಿರ್ಬೇಕು. ಎಸ್.ಪಿ. ರೋಡಿಂದ ಬೇರೆ ತರ್ಲಾ?"

"ತಡಿಯೋ, ಮೊದಲು ಸಿಗ್ನೇಚರ್ ಓದಿಸು."

ಸಿಗ್ನೇಚರ್ ಅಂದ್ರೆ ಚಿಪ್ ತನ್ನ ಮಾದರಿ ಯಾವುದೆಂದು ಹೇಳುವ ಗುರುತಿನ ಸಂಖ್ಯೆ. ಈ ಚಿಪ್ಪಿನದು 1ಇ 95 0ಎಫ್. ಸರಿಯಾಗೇ ಬಂತು. ಮತ್ತೆ ಓದಿಸಿದರೆ ಬರೀ ಸೊನ್ನೆ. ಆಗಾಗ ಸರಿ ಉತ್ತರ ಕೊಡುವ ಚಿಪ್ಪನ್ನು ಎಸೆಯುವ ಮೊದಲು ವೈರ್ ನೋಡಬೇಕು.

ಅವನು ಬೋರ್ಡಿನ ಕೆಂಪು ಸಾಲಿಗೆ ಮಲ್ಟಿಮೀಟರ್ ಇಟ್ಟು "5 ವೋಲ್ಟ್ ಇದೆಯಲ್ಲ" ಅಂದ. ಅಲ್ಲಲ್ಲ, ಚಿಪ್ಪಿನ ಕಾಲಿನ ಮೇಲೇ ಇಡು ಅಂದೆ. 7ನೇ ಕಾಲಲ್ಲಿ 5 ಇತ್ತು. 20ನೇ ಕಾಲಲ್ಲಿ ಇರಲಿಲ್ಲ. ಅದು ಎವಿಸಿಸಿ, ಚಿಪ್ಪಿನ ಎಡಿಸಿ ಭಾಗದ (ಸೆನ್ಸರಿನ ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಸಪ್ಲೈ ಕಾಲು. ಎಡಿಸಿ ಬಳಸದಿದ್ದರೂ ಅದಕ್ಕೆ ಸಪ್ಲೈ ಕೊಡಲೇಬೇಕು. ಹುಡುಗ ವೈರ್ ಹಾಕಿದ್ದ, ಪಾಪ. ಆದರೆ ಉದ್ದದ ಕೆಲವು ಬ್ರೆಡ್‌ಬೋರ್ಡುಗಳಲ್ಲಿ ಸಪ್ಲೈ ಸಾಲು ನಡುವೆ ತುಂಡಾಗಿರುತ್ತದೆ. ಅಚ್ಚು ಹಾಕಿದ ಕೆಂಪು ಗೆರೆ ಅಲ್ಲಿ ಸ್ವಲ್ಪ ಬಿಟ್ಟುಹೋಗಿರುತ್ತದೆ, ಅಷ್ಟೇ ಗುರುತು. 22ನೇ ಕಾಲಿನ ಗ್ರೌಂಡಿನ ಕಥೆಯೂ ಅದೇ. ಎರಡು ತುಂಡು ವೈರಿನಿಂದ ಸಾಲುಗಳನ್ನು ಸೇರಿಸಿದೆವು.

ಆಮೇಲೆ ಸಪ್ಲೈ ಅಲ್ಲಾಡದಂತೆ ಹಿಡಿಯುವ ಕೆಪ್ಯಾಸಿಟರ್. 104 ಅಂತ ಬರೆದಿರುವ ಸೆರಾಮಿಕ್ ಕೆಪ್ಯಾಸಿಟರ್, ಅಂದ್ರೆ 100 ನ್ಯಾನೋಫ್ಯಾರಡ್, 7 ಮತ್ತು 8ರ (ಸಪ್ಲೈ, ಗ್ರೌಂಡ್) ನಡುವೆ ಒಂದು, 20 ಮತ್ತು 22ರ ನಡುವೆ ಇನ್ನೊಂದು. ಕಾಲು ಮೋಟು ಮಾಡಿ ಚಿಪ್ಪಿಗೆ ಅಂಟಿಕೊಂಡಂತೆ ಚುಚ್ಚಿಸಿದೆ. ದೂರದಲ್ಲಿ ಎಲ್ಲೋ ಇಟ್ಟರೆ ಪ್ರಯೋಜನ ಕಡಿಮೆ. ರೀಸೆಟ್ ಕಾಲಿಗೆ 10ಕೆ ಪುಲ್-ಅಪ್ ರೆಸಿಸ್ಟರ್ (ಚಿಪ್ ತಾನಾಗೇ ರೀಸೆಟ್ ಆಗದಂತೆ ತಡೆಯುವುದು) ಅವನೇ ಹಾಕಿದ್ದ, ಶಭಾಷ್ ಅಂದೆ.

ಇನ್ನೊಂದು ಗಮನಿಸಿದೆ. ಪ್ರೋಗ್ರಾಂ ಬರೆಯಲು ಹೊರಟಾಗಲೆಲ್ಲ ಮೋಟಾರ್ ಆನ್-ಆಫ್ ಮಾಡುವ ರಿಲೇ ಟಕ್ ಅನ್ನುತ್ತಿತ್ತು! ರಿಲೇ ಓಡಿಸುವ ಟ್ರಾನ್ಸಿಸ್ಟರನ್ನು 19ನೇ ಕಾಲಿಗೆ, ಅಂದ್ರೆ ಪ್ರೋಗ್ರಾಮರಿನ (ಕಂಪ್ಯೂಟರಿನಿಂದ ಚಿಪ್ಪಿಗೆ ಪ್ರೋಗ್ರಾಂ ಬರೆಯುವ ಸಾಧನ) ಕ್ಲಾಕ್ ಸಿಗ್ನಲ್ ಎಸ್‌ಸಿಕೆ ಬರುವ ಕಾಲಿಗೇ ಕಟ್ಟಿದ್ದ. ಕ್ಲಾಕ್ ಸಿಗ್ನಲ್ಲಿಗೂ ಅದು ಭಾರ, ರಿಲೇ ಎಳೆಯುವ ಕರೆಂಟಿನಿಂದ ಸಪ್ಲೈ ಕೂಡ ಅಲ್ಲಾಡುತ್ತದೆ. ಅದನ್ನು 4ನೇ ಕಾಲಿಗೆ ವರ್ಗಾಯಿಸಿದ. ಪ್ರೋಗ್ರಾಮರಿನಿಂದ ಬರುವ ಉದ್ದದ ಜಂಪರ್ ವೈರುಗಳನ್ನೂ ಬದಲಿಸಿ ಗಿಡ್ಡ ಹಾಕಿದೆವು, ಎಸ್‌ಸಿಕೆ ಪಕ್ಕದಲ್ಲೇ ಒಂದು ಗ್ರೌಂಡ್ ವೈರ್ ಇರುವ ಹಾಗೆ.

ಉಳಿದದ್ದು ವೇಗ. ಹೊಸ ಚಿಪ್ ಕಾರ್ಖಾನೆಯಿಂದ 1 ಮೆಗಾಹರ್ಟ್ಸ್‌ಗೆ ಹೊಂದಿಸಿಕೊಂಡು ಬರುತ್ತದೆ. ಎಸ್‌ಸಿಕೆ ಅದರ ಕಾಲು ಭಾಗಕ್ಕಿಂತ ಕಡಿಮೆ ಇರಬೇಕು. ನಮ್ಮ ಪ್ರೋಗ್ರಾಮರ್ ಯುಎಸ್‌ಬಿ-ಎಎಸ್‌ಪಿ ಸಾಮಾನ್ಯವಾಗಿ 375 ಕಿಲೋಹರ್ಟ್ಸ್‌ನಲ್ಲಿ ಓಡುತ್ತದೆ, ಜಾಸ್ತಿ ಆಯ್ತು ಅಲ್ವಾ? ಪ್ರೋಗ್ರಾಂ ಕಳಿಸುವ ಸಾಫ್ಟ್‌ವೇರ್ ಎವಿಆರ್‌ಡ್ಯೂಡ್‌ನ ಕಮಾಂಡಿಗೆ '-B 10' ಸೇರಿಸಿ ನಿಧಾನ ಮಾಡಿದ. ಆಮೇಲೆ ಎಷ್ಟು ಸಲ ಓದಿಸಿದರೂ ಅದೇ ಸಿಗ್ನೇಚರ್. ವೈರ್ ಅಲ್ಲಾಡಿಸಿದರೂ ಅದೇ.

ಫ್ಯೂಸ್, ಅಂದ್ರೆ ಚಿಪ್ ಯಾವ ಕ್ಲಾಕಿನಲ್ಲಿ ಓಡಬೇಕು ಎಂಬಂಥ ಸೆಟ್ಟಿಂಗ್, ಮುಟ್ಟಲು ಅಲ್ಲಿಯವರೆಗೆ ನಾನು ಬಿಟ್ಟಿರಲಿಲ್ಲ. ಸಡಿಲ ವೈರಿನಲ್ಲಿ ಫ್ಯೂಸ್ ತಪ್ಪಾಗಿ ಬರೆದುಕೊಂಡರೆ ಚಿಪ್ ಇಲ್ಲದ ಕ್ಲಾಕಿಗಾಗಿ ಕಾಯುತ್ತಾ ಕೂರುತ್ತದೆ, ಪ್ರೋಗ್ರಾಮರಿಗೂ ಉತ್ತರ ಕೊಡಲ್ಲ. ಈಗ ಕ್ಲಾಕ್ ಕೊಡುವ 16 ಮೆಗಾಹರ್ಟ್ಸ್ ಕ್ರಿಸ್ಟಲ್ಲನ್ನು 22 ಪಿಕೋಫ್ಯಾರಡ್ ಕೆಪ್ಯಾಸಿಟರುಗಳ ಜೊತೆ 9 ಮತ್ತು 10ನೇ ಕಾಲಿಗೆ ಹಾಕಿ, ಧೈರ್ಯವಾಗಿ ಫ್ಯೂಸ್ ಬರೆದ. ಕ್ಲಾಕ್ ಈಗ ಜೋರಾಗಿದ್ದರಿಂದ '-B 10' ತೆಗೆದು ಪ್ರೋಗ್ರಾಂ ಕಳಿಸಿದ. ಸರ್ರನೆ ಹೋಯ್ತು.