ದ್ವೀಪಕ್ಕೆ ಗದುಗಿನ ಭಾರತ

ನಿರ್ಜನ ದ್ವೀಪದಲ್ಲಿ ಒಬ್ಬರೇ ಇರಬೇಕಾಗಿ ಬಂದರೆ ಯಾವ ಒಂದು ಪುಸ್ತಕವನ್ನು ಜೊತೆಗಿಟ್ಟುಕೊಳ್ಳುವಿರಿ ಎಂಬ ಪ್ರಶ್ನೆ ಚಿಂತಾಮಣಿಯಲ್ಲಿ ಕುಳಿತವನಿಗೆ ತುಸು ವಿಚಿತ್ರವಾಗಿಯೇ ಕೇಳಿಸುತ್ತದೆ. ನಮ್ಮ ಸೀಮೆಯಲ್ಲಿ ಸಮುದ್ರದ ಮಾತಿರಲಿ, ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲ. ಇರುವುದೆಲ್ಲ ಕೆರೆಗಳು, ಅವು ಬತ್ತಿದ ಮೇಲೆ ಸಾವಿರ ಅಡಿ ದಾಟಿದ ಕೊಳವೆ ಬಾವಿಗಳು. ಆದರೂ ಒಂಟಿಯಾಗಿ ಉಳಿದವನಿಗೆ ಏನು ಬೇಕಾದೀತು ಎಂದು ಯೋಚಿಸಲು ಕಡಲನ್ನು ಕಂಡಿರಲೇಬೇಕೆಂಬ ನಿಯಮವೇನೂ ಇಲ್ಲವಾದ್ದರಿಂದ, ನನ್ನ ಉತ್ತರವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಬಿಬಿಸಿ ರೇಡಿಯೊದಲ್ಲಿ 1942ರಲ್ಲಿ ಆರಂಭವಾಗಿ ಇಂದಿಗೂ ನಡೆದುಬರುತ್ತಿರುವ ಕಾರ್ಯಕ್ರಮವೊಂದರಲ್ಲಿ ಅತಿಥಿಗಳಿಗೆ ಇದೇ ಪ್ರಶ್ನೆಯನ್ನು ಕೇಳುತ್ತಾರೆ. ಅಲ್ಲಿಯ ಅತಿಥಿಗಳು ಎಂಟು ಧ್ವನಿಮುದ್ರಿಕೆಗಳನ್ನು ಆರಿಸಿಕೊಳ್ಳುವುದರ ಜೊತೆಗೆ ಒಂದು ಪುಸ್ತಕವನ್ನೂ ಹೆಸರಿಸಬೇಕು. ಆದರೆ ಬೈಬಲ್ ಅಥವಾ ತಮ್ಮ ಧರ್ಮದ ಗ್ರಂಥ, ಮತ್ತು ಷೇಕ್ಸ್‌ಪಿಯರನ ಸಮಗ್ರ ಕೃತಿಗಳು ಕೇಳದೆಯೇ ಅವರಿಗೆ ದೊರೆಯುತ್ತವೆ. ಇದು ದೊಡ್ಡ ರಿಯಾಯಿತಿಯೇ ಸರಿ. ದೇವರನ್ನೂ ಮಹಾಕವಿಯನ್ನೂ ಮೊದಲೇ ದೋಣಿಗೆ ಹತ್ತಿಸಿಬಿಟ್ಟ ಮೇಲೆ ಮೂರನೆಯ ಪುಸ್ತಕವನ್ನು ಆರಿಸುವುದು ಯಾರಿಗೂ ಕಷ್ಟವಾಗಲಾರದು. ನಾನು ಈ ರಿಯಾಯಿತಿಯನ್ನು ತೆಗೆದುಕೊಳ್ಳದೆ ಒಂದೇ ಒಂದು ಪುಸ್ತಕವೆಂದು ಇಟ್ಟುಕೊಂಡಿದ್ದೇನೆ. ದೋಣಿ ಕಟ್ಟುವುದನ್ನು ಕಲಿಸುವ ಕೈಪಿಡಿ ಸಾಕು ಎನ್ನುವ ಜಾಣರು ಪ್ರಶ್ನೆಯಿಂದ ತಪ್ಪಿಸಿಕೊಳ್ಳುವವರು. ನಿಘಂಟು ಸಾಕು ಎನ್ನುವವರ ಮೇಲೆ ನನಗೆ ಗೌರವವಿದೆ, ಆದರೆ ಎಪ್ಪತ್ತು ಸಾವಿರ ಶಬ್ದಗಳ ನಡುವೆ ಕುಳಿತೂ ಮಾತನಾಡಲು ಯಾರೂ ಇಲ್ಲದಿರುವ ಸ್ಥಿತಿಯನ್ನು ನೆನೆದರೆ ಧೈರ್ಯ ಸಾಲುವುದಿಲ್ಲ.

ನಮ್ಮ ಕಡೆಯ ಹತ್ತು ಮಂದಿಯನ್ನು ಕೇಳಿದರೆ ಅವರಲ್ಲಿ ಹೆಚ್ಚಿನವರು ಮಂಕುತಿಮ್ಮನ ಕಗ್ಗದ ಹೆಸರನ್ನೇ ಹೇಳುತ್ತಾರೆಂದು ನನ್ನ ಊಹೆ. ಡಿ.ವಿ.ಜಿ. ಮುಳಬಾಗಿಲಿನವರು ಎಂಬ ಅಭಿಮಾನ ಅದರಲ್ಲಿ ಸ್ವಲ್ಪ ಇದ್ದರೂ, 1943ರಲ್ಲಿ ಪ್ರಕಟವಾದ ಆ 945 ಪದ್ಯಗಳು ಗಟ್ಟಿಯಾದವು ಎಂಬುದರಲ್ಲಿ ಎರಡು ಮಾತಿಲ್ಲ. ನಾನು ಮಾತ್ರ ಅದನ್ನು ಒಯ್ಯುವುದಿಲ್ಲ. ಮೊದಲನೆಯದಾಗಿ, ಕಗ್ಗದ ಎಷ್ಟೋ ಪದ್ಯಗಳು ಬಾಯಲ್ಲೇ ಇವೆ. ತಲೆಯಲ್ಲಿ ಇರುವುದನ್ನು ಚೀಲದಲ್ಲಿ ಹೊರುವುದು ಜಾಣತನವಲ್ಲ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಕಗ್ಗವು ಜನರ ನಡುವೆ ಬಾಳುವವನಿಗಾಗಿ ಹೇಳಿದ್ದು. ದೀನರಿಗೆ ಬೆಲ್ಲ ಸಕ್ಕರೆಯಾಗಬೇಕೆಂದರೆ ದೀನರು ಇರಬೇಕು. ‘ಎಲ್ಲರೊಳಗೊಂದಾಗು’ ಎಂಬ ಮಾತನ್ನು ಪಾಲಿಸಲು ಎಲ್ಲರೂ ಬೇಕು. ಆ ದ್ವೀಪದಲ್ಲಿ ಇಲ್ಲದಿರುವುದು ಅದೊಂದೇ. ಏಡಿಗಳಿಗೂ ಕಡಲ ಹಕ್ಕಿಗಳಿಗೂ ನಾನು ಎಷ್ಟೇ ವಿನಯದಿಂದ ನಡೆದುಕೊಂಡರೂ ಅದು ಡಿ.ವಿ.ಜಿ.ಯವರು ಹೇಳಿದ ವಿನಯವಾಗಲಾರದು.

ನಿಜವಾಗಿಯೂ ಹೀಗೆ ಒಬ್ಬನೇ ಉಳಿದವನೊಬ್ಬನ ಕಥೆ ಚರಿತ್ರೆಯಲ್ಲಿದೆ. ಅಲೆಕ್ಸಾಂಡರ್ ಸೆಲ್ಕರ್ಕ್ ಎಂಬ ಸ್ಕಾಟ್ಲೆಂಡಿನ ನಾವಿಕ 1704ರಿಂದ 1709ರವರೆಗೆ, ನಾಲ್ಕು ವರ್ಷಕ್ಕೂ ಮಿಕ್ಕಿ, ಪೆಸಿಫಿಕ್ ಸಾಗರದ ಹ್ವಾನ್ ಫರ್ನಾಂಡಿಸ್ ದ್ವೀಪಗಳಲ್ಲೊಂದರಲ್ಲಿ ಇದ್ದ. ಅವನ ಬಳಿ ಬೈಬಲ್ ಇತ್ತು. ಅದನ್ನು ಓದುತ್ತಿದ್ದ, ಕೀರ್ತನೆಗಳನ್ನು ಹಾಡುತ್ತಿದ್ದ, ಪ್ರಾರ್ಥಿಸುತ್ತಿದ್ದ. ಹೀಗಿದ್ದರೂ ಅವನನ್ನು ಹಡಗಿಗೆ ಹತ್ತಿಸಿಕೊಂಡ ವುಡ್ಸ್ ರಾಜರ್ಸ್ ಬರೆದಿರುವ ಪ್ರಕಾರ, ಬಳಕೆ ತಪ್ಪಿ ಅವನ ಭಾಷೆಯೇ ಮರೆತಂತಾಗಿತ್ತು. ಪದಗಳನ್ನು ಅರ್ಧರ್ಧ ನುಡಿಯುತ್ತಿದ್ದುದರಿಂದ ಅವನ ಮಾತು ಹಡಗಿನವರಿಗೆ ಸರಿಯಾಗಿ ಅರ್ಥವಾಗುತ್ತಿರಲಿಲ್ಲ. ಈ ಸಂಗತಿಯನ್ನು ಓದಿದಾಗಿನಿಂದ ನನ್ನ ಆಯ್ಕೆ ಖಚಿತವಾಯಿತು ಎನ್ನಬೇಕು. ದಿನವೂ ದೇವರೊಡನೆ ಮಾತನಾಡಿದವನಿಗೂ ಮನುಷ್ಯರ ಮಾತು ಕೈತಪ್ಪಿತು, ಏಕೆಂದರೆ ಪ್ರಾರ್ಥನೆಯಲ್ಲಿ ಮಾತನಾಡುವವನು ಒಬ್ಬನೇ. ಎದುರುತ್ತರ ಕೊಡುವವರು, ಹಂಗಿಸುವವರು, ಬೊಗಳೆ ಬಿಡುವವರು, ಗೊಣಗುವವರು, ಅಳುವವರು ಎಲ್ಲರೂ ಒಟ್ಟಿಗೆ ಇರುವ, ಬಾಯಿ ಬಿಟ್ಟೇ ಓದಬೇಕಾದ ಪುಸ್ತಕ ನನಗೆ ಬೇಕು. ಕನ್ನಡದಲ್ಲಿ ಅದು ಕುಮಾರವ್ಯಾಸನೆಂದು ಹೆಸರಾದ ಗದುಗಿನ ನಾರಣಪ್ಪನ ಭಾರತ.

ಎಂಟು ಸಾವಿರಕ್ಕೂ ಮಿಕ್ಕ ಪದ್ಯಗಳು. ದಿನಕ್ಕೆ ಹತ್ತರಂತೆ ಓದಿದರೂ ಒಂದು ಸುತ್ತು ಮುಗಿಯಲು ಎರಡು ವರ್ಷ ದಾಟುತ್ತದೆ. ಎಲ್ಲವೂ ಭಾಮಿನಿ ಷಟ್ಪದಿಯಲ್ಲೇ ಇವೆ: ಮೂರು ನಾಲ್ಕು ಮಾತ್ರೆಗಳ ಗಣಗಳು ಒಂದರ ಹಿಂದೊಂದು ಬರುತ್ತ, ಮೂರನೆಯ ಮತ್ತು ಆರನೆಯ ಸಾಲುಗಳಲ್ಲಿ ಉದ್ದಕ್ಕೆ ಹರಿದು ಒಂದು ಗುರುವಿನ ಮೇಲೆ ನಿಲ್ಲುತ್ತವೆ. ಇಷ್ಟು ದೊಡ್ಡ ಕಾವ್ಯಕ್ಕೆ ಒಂದೇ ಛಂದಸ್ಸಾದರೆ ಬೇಸರವಾಗದೆ ಎಂದು ಕೇಳುವವರು ಅದನ್ನು ಕಣ್ಣಿನಲ್ಲಿ ಮಾತ್ರ ಓದಿದವರಾಗಿರುತ್ತಾರೆ. ಗಮಕಿಗಳು ಒಂದು ಪದ್ಯವನ್ನು ಸಂದರ್ಭ ನೋಡಿ ಒಂದು ರಾಗಕ್ಕೆ ಹಚ್ಚುತ್ತಾರೆ, ಅಳಲಿಗೆ ಒಂದು, ಕದನಕ್ಕೆ ಇನ್ನೊಂದು. ಎಲ್ಲಿ ಎಳೆಯಬೇಕು, ಎಲ್ಲಿ ಮಾತಿನಂತೆ ನುಡಿದು ಬಿಡಬೇಕು ಎಂಬುದು ಓದುವವನ ಕಂಠಕ್ಕೆ ಸೇರಿದ್ದು. ಗಮಕದಲ್ಲಿ ವಾಚನಕ್ಕೊಬ್ಬರು, ವ್ಯಾಖ್ಯಾನಕ್ಕೊಬ್ಬರು ಕೂರುವುದು ರೂಢಿ. ದ್ವೀಪದಲ್ಲಿ ಎರಡೂ ಕೆಲಸ ನನ್ನದೇ ಆಗುವುದರಿಂದ, ನನ್ನ ಓದಿಗೆ ನಾನೇ ತಕರಾರು ತೆಗೆಯುವ ಅವಕಾಶವೂ ಸಿಗುತ್ತದೆ.

ಉದ್ಯೋಗಪರ್ವದಲ್ಲಿ ಕೃಷ್ಣ ಕರ್ಣನಿಗೆ ಅವನ ಹುಟ್ಟಿನ ಗುಟ್ಟನ್ನು ಹೇಳುವ ಭಾಗ ಹತ್ತನೆಯ ತರಗತಿಯ ಪಾಠವಾಗಿ ಬಂದು ಸಾವಿರಾರು ಮಕ್ಕಳ ಬಾಯಲ್ಲಿ ಉರು ಆಗಿರುವುದರಿಂದ, ಅದರ ಸೊಗಸು ಎಷ್ಟೋ ಜನರಿಗೆ ಪರೀಕ್ಷೆಯ ಭಯದಲ್ಲಿ ಮುಚ್ಚಿಹೋಗಿದೆ. ಅಲ್ಲಿ ಕೃಷ್ಣ ಮಾತನ್ನು ಆರಂಭಿಸುವ ರೀತಿಯನ್ನು ನೋಡಬೇಕು. ‘ನೀನು ಕುಂತಿಯ ಮಗ’ ಎಂದು ನೇರವಾಗಿ ಹೇಳಿಬಿಡುವುದಿಲ್ಲ. ಮೊದಲು ಮೈದುನನೊಡನೆ ಆಡುವಂಥ ಸರಸವಾಡಿ, ಕೈಹಿಡಿದು ರಥಕ್ಕೆ ಎಳೆದು ತನ್ನ ಪೀಠದಲ್ಲೇ ಕೂರಿಸಿಕೊಳ್ಳುತ್ತಾನೆ. ಸೂತನ ಮಗನೆಂದೇ ಬಾಳಿದ ಕರ್ಣ ಅಂಜುತ್ತಾನೆ: ‘ಎನಗೆ ನಿಮ್ಮಡಿಗಳಲಿ ಸಮಸೇವನೆಯೆ?’ ಆಗ ಕೃಷ್ಣ ತೊಡೆಗೆ ತೊಡೆ ತಾಗುವಷ್ಟು ಹತ್ತಿರ ಸರಿದು ಕೂರುತ್ತಾನೆ. ನಂಟನ್ನು ಬಾಯಿಂದ ಹೇಳುವ ಮೊದಲೇ ನಂಟನಾಗಿ ಕುಳಿತು ತೋರಿಸುವ ಈ ಚತುರತೆಯನ್ನು ಮೆಚ್ಚಬೇಕೋ ಹೆದರಬೇಕೋ ನನಗೆ ಇಂದಿಗೂ ತಿಳಿದಿಲ್ಲ. ಎಡಕ್ಕೆ ಕೌರವರು, ಬಲಕ್ಕೆ ಪಾಂಡವರು, ಎದುರಿಗೆ ಮಾದ್ರ ಮಾಗಧ ಯಾದವರು, ನಡುವೆ ನೀನು ಎಂದು ಒಡ್ಡೋಲಗದ ಚಿತ್ರವನ್ನೇ ಅವನು ಮುಂದಿಟ್ಟಾಗ ಕರ್ಣನ ‘ಕೊರಳ ಸೆರೆ ಹಿಗ್ಗಿದವು’, ಕಣ್ಣೀರು ಉಕ್ಕಿತು. ಆದರೆ ಅವನಿಗೆ ಮೊದಲು ಹೊಳೆದದ್ದು ತನಗೆ ಬಂದ ರಾಜ್ಯವಲ್ಲ, ಕುರುಪತಿಗೆ ಕೇಡಾಯಿತಲ್ಲ ಎಂಬ ಚಿಂತೆ. ಒಂದು ರಥ, ಇಬ್ಬರು ಮನುಷ್ಯರು. ಓದುವವನು ಒಮ್ಮೆ ಕೃಷ್ಣನ ದನಿಯನ್ನೂ ಒಮ್ಮೆ ಕರ್ಣನ ದನಿಯನ್ನೂ ತರಲೇಬೇಕು. ಇಲ್ಲದಿದ್ದರೆ ಪದ್ಯ ನಿಲ್ಲುವುದಿಲ್ಲ.

ನಗುವುದಕ್ಕೆ ವಿರಾಟಪರ್ವವಿದೆ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂದು ಮನೆಮನೆಯಲ್ಲಿ ಹೇಳುತ್ತಾರಲ್ಲ, ಆ ಉತ್ತರಕುಮಾರ ಹೆಂಗಸರ ನಡುವೆ ಮೀಸೆ ತಿರುವಿ, ರಣರಂಗದಲ್ಲಿ ಕೌರವರ ಸೇನೆಯನ್ನು ಕಂಡ ಕೂಡಲೇ ರಥದಿಂದ ಧುಮುಕಿ ಓಡುವುದನ್ನು, ಬೃಹನ್ನಳೆಯ ವೇಷದ ಅರ್ಜುನ ಬೆನ್ನಟ್ಟಿ ಹಿಡಿದು ತರುವುದನ್ನು ಎಷ್ಟು ಸಲ ಓದಿದರೂ ಒಬ್ಬನೇ ಇದ್ದರೂ ನಗು ಬರುತ್ತದೆ. ಈ ಪರ್ವಕ್ಕೆ ಇನ್ನೊಂದು ಉಪಯೋಗವನ್ನೂ ನಮ್ಮ ಹಳ್ಳಿಗಳವರು ಬಲ್ಲರು. ಮಳೆ ಹೋದ ವರ್ಷಗಳಲ್ಲಿ ದೇವಸ್ಥಾನದಲ್ಲಿ ವಿರಾಟಪರ್ವ ಓದಿಸಿದರೆ ಮಳೆಯಾಗುತ್ತದೆ ಎಂಬ ನಂಬಿಕೆ ಹಳೆಯದು. ಸುತ್ತ ಉಪ್ಪುನೀರಿರುವ ದ್ವೀಪದಲ್ಲಿ ಕುಡಿಯುವ ನೀರಿಗೆ ಮಳೆಯೇ ಗತಿಯಾದ್ದರಿಂದ, ಬೇರೆ ಯಾವ ಮಹಾಕೃತಿಗೂ ಇಲ್ಲದ ಈ ಅನುಕೂಲವನ್ನು ಲೆಕ್ಕಕ್ಕೆ ಹಿಡಿಯದಿರುವುದು ಅವಿವೇಕವಾದೀತು.

ಈ ಕಾವ್ಯದ ಜನ ನಮಗೆ ಪುಸ್ತಕದಿಂದ ಪರಿಚಯವಾದವರೂ ಅಲ್ಲ. ಚಿಂತಾಮಣಿ ತಾಲ್ಲೂಕಿನ ಕೈವಾರವೇ ಏಕಚಕ್ರನಗರವೆಂದೂ ಭೀಮ ಬಕಾಸುರನನ್ನು ಕೊಂದದ್ದು ಅಲ್ಲಿಯ ಬೆಟ್ಟದಲ್ಲೆಂದೂ ನಂಬಿ ಬೆಳೆದವರು ನಾವು. ಬಂಡಿಯ ಅನ್ನವನ್ನು ರಾಕ್ಷಸನಿಗೆ ಒಯ್ದವನು ತಾನೇ ಉಣ್ಣುತ್ತ ಕುಳಿತು, ಬೆನ್ನಿನ ಮೇಲೆ ಗುದ್ದು ಬೀಳುತ್ತಿದ್ದರೂ ಕೈತುತ್ತು ಬಿಡದ ಭೀಮನನ್ನು ಓದುವಾಗ ನನಗೆ ಆ ಬಂಡೆಗಳೇ ಕಣ್ಣಿಗೆ ಕಟ್ಟುತ್ತವೆ. ಕೋಲಾರ, ಮಾಲೂರುಗಳಲ್ಲಿ ದ್ರೌಪದಿಯ ಕರಗವಾಗುತ್ತದೆ. ತುಮಕೂರಿನವರೆಗೂ ಹಳ್ಳಿಹಳ್ಳಿಯಲ್ಲಿ ಹಾರ್ಮೋನಿಯಂ ಕಟ್ಟಿಕೊಂಡು ಬೆಳಗಿನ ಜಾವದವರೆಗೆ ‘ಕುರುಕ್ಷೇತ್ರ’ ನಾಟಕವಾಡುತ್ತಾರೆ. ದುಡ್ಡು ಕಟ್ಟಿ ದುರ್ಯೋಧನನ ಪಾತ್ರ ಹಿಡಿದ ರೈತ ಒಂದು ರಾತ್ರಿ ಕಿರೀಟ ಇಟ್ಟುಕೊಂಡು ಗರ್ಜಿಸಿ ಮರುದಿನ ಟೊಮೆಟೊ ಕ್ರೇಟುಗಳೊಡನೆ ಮಂಡಿಗೆ ಹೋಗುತ್ತಾನೆ. ಹೀಗಾಗಿ ಭಾರತವನ್ನು ಒಯ್ದರೆ ನಾನು ಒಯ್ಯುವುದು ಹಸ್ತಿನಾವತಿಯವರನ್ನು ಮಾತ್ರವಲ್ಲ, ನಮ್ಮ ಊರಿನವರನ್ನೂ.

ಇನ್ನು ಪ್ರತಿಯ ವಿಚಾರ. ಅರ್ಥ ತಾತ್ಪರ್ಯ ಸಹಿತವಾದ ಹಲವು ಸಂಪುಟಗಳ ಮುದ್ರಣಗಳು ‘ಒಂದೇ ಪುಸ್ತಕ’ ಎಂಬ ಕಟ್ಟಳೆಗೆ ಒಗ್ಗುವುದಿಲ್ಲ. ಕುವೆಂಪು ಮತ್ತು ನಮ್ಮ ಮಾಸ್ತಿಯವರು ಸಂಪಾದಿಸಿ, ಸರ್ಕಾರ ಜನಸಾಮಾನ್ಯರಿಗಾಗಿ ಅಚ್ಚು ಹಾಕಿಸಿದ ‘ಕರ್ಣಾಟ ಭಾರತ ಕಥಾಮಂಜರಿ’ಯ ದಪ್ಪ ಪ್ರತಿಯೇ ನನ್ನದು. ಅರ್ಥವಾಗದ ಪದ್ಯಗಳು ಅದರಲ್ಲಿ ಬೇಕಾದಷ್ಟಿವೆ. ಕೇಳಲು ಯಾರೂ ಇಲ್ಲದ ಕಡೆ ಅವು ಹಾಗೆಯೇ ಉಳಿಯಲಿ. ಉದ್ಯೋಗಪರ್ವದ ವಿದುರನೀತಿ ಬಂದಾಗ ಹಾಳೆ ಮಗುಚುವ ಸ್ವಾತಂತ್ರ್ಯವನ್ನು ನಾನು ಉಳಿಸಿಕೊಂಡಿದ್ದೇನೆ. ಕುಮಾರವ್ಯಾಸ ಹತ್ತು ಪರ್ವಗಳಿಗೇ ನಿಲ್ಲಿಸಿದನೆಂದು, ಮುಂದಿನದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಪೂರೈಸಬೇಕಾಯಿತೆಂದು ಕೊರಗುವವರಿದ್ದಾರೆ. ಶರಶಯ್ಯೆಯ ಮೇಲಿನ ಭೀಷ್ಮನ ದೀರ್ಘ ಉಪದೇಶವೆಲ್ಲ ಆ ಬಿಟ್ಟ ಭಾಗದಲ್ಲೇ ಇರುವುದರಿಂದ, ದ್ವೀಪವಾಸಿಯ ಮಟ್ಟಿಗೆ ನಾರಣಪ್ಪ ಸರಿಯಾದ ಜಾಗದಲ್ಲೇ ಲೇಖನಿಯನ್ನು ಕೆಳಗಿಟ್ಟಿದ್ದಾನೆ.