ಪಾಲು ನಮ್ಮದು ಅಂದ ಮೇಲೆ ಮಾಳಿಗೆಯ ಖರ್ಚೂ ನಮ್ಮದೇ

ಬಾದಾಮಿ ತಾಲೂಕಿನಲ್ಲಿ ನಮ್ಮ ಅಜ್ಜ ಕಟ್ಟಿಸಿದ ಮೇಲ್ಮುದ್ದಿ ಮನೆ, ಅಂದರೆ ಜಂತಿಯ ಮೇಲೆ ಮಣ್ಣು ಹಾಕಿದ ಮಾಳಿಗೆಯ ಮನೆ ಇದೆ. ಅಪ್ಪ ತೀರಿಕೊಂಡು ಮೂರು ವರ್ಷ ಆಯ್ತು, ಅವ್ವ ಅದಕ್ಕೂ ಮೊದಲೇ ಹೋದಳು. ಉತಾರ, ಅಂದರೆ ಮನೆಯ ದಾಖಲೆ, ಇನ್ನೂ ಅಪ್ಪನ ಹೆಸರಲ್ಲೇ ಇದೆ. ಅಣ್ಣ ಪುಣೆಯಲ್ಲಿ, ಅಕ್ಕ ಬೆಳಗಾವಿಯಲ್ಲಿ, ನಾನು ಬಾಗಲಕೋಟೆಯ ನವನಗರದಲ್ಲಿ. ಮನೆಯಲ್ಲಿ ಇರುವುದು ತಮ್ಮ, ಅವನ ಹೆಂಡತಿ, ಮಕ್ಕಳು.

ಹೋದ ಮಳೆಗಾಲದಲ್ಲಿ ದೇವರ ಕೋಣೆ ಸೋರಿತು. ನಾನು ಹೋದಾಗ ದೇವರ ಜಗಲಿಯ ಮೇಲೆ ಬೋಗುಣಿ ಇಟ್ಟಿದ್ದರು, ಅದರಲ್ಲಿ ಮಣ್ಣು ಕಲೆತ ನೀರು. ಏಣಿ ಹತ್ತಿ ಜಂತಿಗೆ ಬೆರಳು ಒತ್ತಿದೆ, ಬೆರಳು ಒಳಗೇ ಹೋಯ್ತು. ಗೆದ್ದಲು ತಿಂದು ಬರೀ ಸಿಪ್ಪೆ ಉಳಿದಿತ್ತು. ಅಪ್ಪ ಇದ್ದಾಗ ಪ್ರತಿ ವರ್ಷ ರೋಹಿಣಿ ಮಳೆಗೆ ಮೊದಲೇ ಮಾಳಿಗೆ ಹತ್ತಿ, ಹುಲ್ಲು ಕಿತ್ತು, ಹೊಸ ಮಣ್ಣು ಹಾಕಿಸಿ ಬಡಿಸುತ್ತಿದ್ದ. ಅವನು ಹೋದ ಮೇಲೆ ಅದು ಯಾರ ಕೆಲಸ ಅಂತ ನಾವು ಮಾತಾಡಿಕೊಳ್ಳಲೇ ಇಲ್ಲ.

ತಮ್ಮ ಜಂತಿ ಬದಲಿಸಿ ಮಣ್ಣು ಹಾಕಿಸಿದ, ಕೂಲಿ ಸೇರಿ 1,24,000 ರೂಪಾಯಿ. ಜೊತೆಗೇ ಬಚ್ಚಲಿಗೆ ಟೈಲ್ಸ್, 46,000. ಎರಡನ್ನೂ ಕೂಡಿಸಿ ತಲೆಗೆ 42,500 ಅಂತ ವಾಟ್ಸಾಪ್‌ಗೆ ಹಾಕಿದ. "ಬಾಡಿಗಿ ಇಲ್ದ ಇದ್ದೀ, ನೀನ ಮಾಡಿಸ್ಕೊ" ಅಂದ ಅಣ್ಣ. "ಹಂಗಾದ್ರ ಬಂದು ನೀನ ಮನಿ ಕಾಯಿ" ಅಂತ ತಮ್ಮ. ಎರಡು ತಿಂಗಳು ಮಾತು ನಿಂತಿತು.

ನನಗೆ ಅನಿಸುವುದು ಇಷ್ಟು. ಮನೆ ಬೀಳದಂತೆ ಮಾಡುವ ಖರ್ಚು, ಅಂದರೆ ಮಾಳಿಗೆ, ಗೋಡೆ, ಪಂಚಾಯಿತಿಯ ಮನೆಪಟ್ಟಿ (ಮನೆ ತೆರಿಗೆ), ಇವು ನಾಲ್ವರದು, ಅಲ್ಲಿ ಯಾರು ಇದ್ದರೂ ಇರದಿದ್ದರೂ. ಕರೆಂಟು, ನೀರಿನ ಬಿಲ್ಲು ಇರುವವರದು. ಟೈಲ್ಸ್‌ನಂಥದ್ದನ್ನು ಕೇಳದೇ ಮಾಡಿಸಿದರೆ ಸದ್ಯಕ್ಕೆ ಮಾಡಿಸಿದವನ ಲೆಕ್ಕ, ಆದರೆ ಬರೆದಿಡಬೇಕು, ಮುಂದೆ ವಾಟ್ನಿ (ಆಸ್ತಿ ಪಾಲು) ಆಗುವಾಗ ಕೂತು ನೋಡಿಕೊಳ್ಳಬಹುದು. ಬಾಡಿಗೆ ಮಾತು ಬಂದರೆ, ದಿನಾ ದೀಪ ಹಚ್ಚಿ, ಕಸ ಹೊಡೆದು, ಮನೆ ಹಾಳು ಬೀಳದಂತೆ ನೋಡಿಕೊಂಡಿದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು, ಅಲ್ವಾ?

ಅಕ್ಕನದು ಬೇರೆಯೇ ಮಾತು. "ನನಗ ಪಾಲೂ ಬ್ಯಾಡ, ಖರ್ಚೂ ಬ್ಯಾಡ, ಪಂಚಮಿಗೆ ಕರದ್ರ ಸಾಕು." ಕೇಳಿ ನನಗೆ ಅಳು ಬಂತು. ಪಾಲು ಕೇಳಿದರೆ ತವರು ಮುಚ್ಚುತ್ತದೆ ಅನ್ನೋ ಭಯ ಅದು, ನನಗೂ ಇತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಲ್ಲಿ ಹಿರಿಯರ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದಿದೆ. ಅದೇ ಕಲಮಿನಲ್ಲಿ ಮಗನಿಗೆ ಇರುವ ಹೊಣೆಯೇ ಮಗಳಿಗೂ ಎಂದಿದೆ, ಅದನ್ನು ನಾವು ಹೆಣ್ಣುಮಕ್ಕಳು ಓದುವುದೇ ಕಡಿಮೆ. ಪಾಲು ನಿಜಕ್ಕೂ ಬೇಡವಾದರೆ ಬಾಯಿಮಾತು ಸಾಲದು, ಹಕ್ಕು ಬಿಟ್ಟ ಪತ್ರ ನೋಂದಣಿ ಆಗಬೇಕು. ಅಲ್ಲಿವರೆಗೆ ಅವಳೂ ಪಾಲುದಾರಳೇ.

ಮಾಳಿಗೆ ಖರ್ಚಿನ ನನ್ನ ಕಾಲು ಪಾಲು 31,000 ಕಳಿಸಿದೆ. ಒಂದು ನೂರು ಪುಟದ ನೋಟ್‌ಬುಕ್ ತಂದು ತಮ್ಮನ ಕೈಗೆ ಕೊಟ್ಟು, ಐದು ಸಾವಿರ ದಾಟುವ ಕೆಲಸ ಇದ್ದರೆ ಮೊದಲು ಮೂವರಿಗೂ ಫೋನು ಮಾಡು ಅಂದೆ. ಈ ಸಲ ಪಂಚಮಿಗೆ ಕರೆಯಲು ಬಂದವನು ಆ ಪುಸ್ತಕವನ್ನೂ ತಂದಿದ್ದ. ಅಣ್ಣನ ಹೆಸರಿನ ಮುಂದೆ 31,000 ಬರೆದಿತ್ತು. ಅಕ್ಕನ ಸಾಲು ಖಾಲಿ ಇತ್ತು. ಬರುವ ಭಾನುವಾರ ಬೆಳಗಾವಿಗೆ ಹೋಗಿ ಅವಳ ಹತ್ತಿರ ಕೂತು ಮಾತಾಡುತ್ತೇನೆ.